ಬ್ಯಾರನ್ನಿಗೆ ಹೋದ ಬೆಳ್ಳುಳ್ಳಿ

ಹುಣಸೂರಿನ ಅಂಚಿನ ಆ ಓಣಿಯಲ್ಲಿ ಬೆಳ್ಳುಳ್ಳಿಯನ್ನು ಅಂಗಡಿಯಿಂದ ತರುವುದೆಂದರೆ ಒಂದು ಬಗೆಯ ನಾಚಿಕೆ. ಯಾರೂ ತರುವುದೇ ಇಲ್ಲ ಎಂದಲ್ಲ. ತರುತ್ತಾರೆ, ಆದರೆ ಚೀಲದ ತಳಕ್ಕೆ ಹಾಕಿ ಮೇಲೆ ಕೊತ್ತಂಬರಿ ಸೊಪ್ಪು ಮುಚ್ಚಿಕೊಂಡು ತರುತ್ತಾರೆ. ಹಿತ್ತಿಲಲ್ಲಿ ಬಚ್ಚಲ ನೀರು ಸುಮ್ಮನೆ ಹರಿಯುವಾಗ ಬೆಳ್ಳುಳ್ಳಿಗೂ ದುಡ್ಡು ಕೊಡ್ತಾರಾ ಎಂದು ದೊಡ್ಡತಾಯಮ್ಮ ಬೀದಿಗೆಲ್ಲ ಕೇಳುವ ಹಾಗೆ ಅಂದುಬಿಡುತ್ತಾಳೆ. ಎಪ್ಪತ್ತು ದಾಟಿದ ಆ ಮುದುಕಿಯ ಬಾಯಿಗೆ ಬೀಳುವುದಕ್ಕಿಂತ ಒಗ್ಗರಣೆಯಿಲ್ಲದ ಸಾರು ಉಣ್ಣುವುದೇ ಮೇಲು.

ಓಣಿಯಲ್ಲಿ ಬೆಳ್ಳುಳ್ಳಿ ಪಾತಿಗಳು ಮೂರು. ಒಂದು ದೊಡ್ಡತಾಯಮ್ಮನದು. ಅವಳ ಎದುರು ಮನೆ ಶಿವನಂಜಪ್ಪನದು. ಕಟ್ಟೆಮಳಲವಾಡಿ ಕಡೆ ಹೊಲವಿಟ್ಟು ಹೊಗೆಸೊಪ್ಪು ಬೆಳೆಯುವವನು ಅವನು, ಹಿತ್ತಿಲ ಪಾತಿ ಅವನ ಹೆಂಡತಿ ಸರ್ವಮಂಗಳಳದು. ಆ ಹಿತ್ತಿಲ ಗೋಡೆಗೆ ಅಂಟಿಕೊಂಡಿರುವುದು ಹಾಸಿಗೆ ಅಂಗಡಿಯ ಅಬ್ದುಲ್ ಅಜೀಜನ ಮನೆ, ಮೂರನೆಯ ಪಾತಿ ಅವನ ಹೆಂಡತಿ ಫಹ್ಮೀದಾಳದು. ಮೂರಕ್ಕೂ ಬೀಜ ಸರ್ವಮಂಗಳಳ ಮನೆಯಿಂದ ಬರಬೇಕು. ಮೂರರಲ್ಲೂ ಮೊದಲ ಎಸಳನ್ನು ಫಹ್ಮೀದಾಳೇ ಊರಬೇಕು. ಅದು ಮೂವತ್ತು ವರ್ಷದ ಕಟ್ಟಳೆ.

ಕಟ್ಟಳೆ ಮಾಡಿದ್ದು ಸರ್ವಮಂಗಳಳ ಅತ್ತೆ. ಫಹ್ಮೀದಾ ಮದುವೆಯಾಗಿ ಬಂದ ವರ್ಷ, ದೀಪಾವಳಿ ಕಳೆದ ಮೇಲೆ, ಅತ್ತೆ ಪಾತಿಯಲ್ಲಿ ಬಗ್ಗಿದವರು ಸೊಂಟ ಹಿಡಿದುಕೊಂಡು ಏಳಲಾರದೆ ಕೂತಿದ್ದರು. ಹೊಸ ಹುಡುಗಿ ಗೋಡೆಯ ಕಿಂಡಿ ಬಾಗಿಲಿನಿಂದ ಓಡಿ ಬಂದು ಅವರನ್ನು ಎಬ್ಬಿಸಿ, ಉಳಿದ ಎಸಳನ್ನೆಲ್ಲ ತಾನೇ ಬಿಸ್ಮಿಲ್ಲಾ ಎಂದು ಊರಿ ಮುಗಿಸಿದಳು. ಆ ಶಿವರಾತ್ರಿಗೆ ಕಿತ್ತ ಗೆಡ್ಡೆಗಳು ಅಂಗೈ ತುಂಬುವಷ್ಟಿದ್ದವು. ದೇವರ ಪ್ರಸಾದದಲ್ಲೂ ಉಪ್ಪು ಕಡಿಮೆ ಎನ್ನುತ್ತಿದ್ದ ಅತ್ತೆ, ಹುಡುಗಿಯ ಕೈಗುಣ ದೊಡ್ಡದು ಎಂದು ಮೂರು ಮನೆಗೂ ಸಾರಿದರು. ಅಂದಿನಿಂದ ಫಹ್ಮೀದಾಳ ಕೈ ಮುಟ್ಟದೆ ಆ ಓಣಿಯಲ್ಲಿ ಬೆಳ್ಳುಳ್ಳಿ ಮಣ್ಣಿಗೆ ಇಳಿದಿಲ್ಲ.

ಕೈಗುಣ ಬೆಳ್ಳುಳ್ಳಿಗೆ ಮಾತ್ರ ನಿಲ್ಲಲಿಲ್ಲ. ಮಗುವಿಗೆ ಮೊದಲ ನೀರು ಹಾಕಲು, ಬಾಣಂತಿಗೆ ಎಣ್ಣೆ ಒತ್ತಲು ಎಲ್ಲರೂ ಫಹ್ಮೀದಾಳನ್ನೇ ಕರೆಯುವುದು ರೂಢಿಯಾಯಿತು. ಸರ್ವಮಂಗಳಳ ಸೊಸೆ ವಾಣಿಶ್ರೀ ಹೆತ್ತಾಗ ಮೊಮ್ಮಗಳು ಪುಟ್ಟಿಯನ್ನು ಕಾಲ ಮೇಲೆ ಮಲಗಿಸಿಕೊಂಡು ನೀರೆರೆದದ್ದು ಆ ಕೈಯೇ. ಕಿತ್ತ ಬೆಳ್ಳುಳ್ಳಿಯ ಮೊದಲ ಗೊಂಚಲು ಬಾಣಂತಿಯಿರುವ ಮನೆಗೆ ಹೋಗಬೇಕೆಂಬುದು ಓಣಿಯ ಇನ್ನೊಂದು ಪದ್ಧತಿ. ಆ ವರ್ಷ ಮೂರು ಪಾತಿಯ ಮೊದಲ ಗೊಂಚಲೂ ಸರ್ವಮಂಗಳಳ ಮನೆಗೇ ಬಂದು, ವಾಣಿಶ್ರೀ ತುಪ್ಪದಲ್ಲಿ ಹುರಿದ ಬೆಳ್ಳುಳ್ಳಿ ತಿಂದು ತಿಂದು ಕೊನೆಗೆ ವಾಸನೆ ಬಂದರೆ ಎದ್ದು ಹೋಗುತ್ತಿದ್ದಳು.

ಇಷ್ಟೆಲ್ಲ ಹೇಳಿದ್ದು ಯಾಕೆಂದರೆ, ಸರ್ವಮಂಗಳ ಮಾಡಿದ್ದು ಬರೀ ಬೆಳ್ಳುಳ್ಳಿಯ ವಿಷಯ ಎಂದು ಯಾರೂ ತಿಳಿಯಬಾರದು.

ಅತ್ತೆ ಹೋದ ಮೇಲೆ ಬೀಜ ಕಾಯುವ ಕೆಲಸ ಸರ್ವಮಂಗಳಳಿಗೆ ಬಂತು. ಶಿವರಾತ್ರಿಗೆ ಕಿತ್ತದ್ದರಲ್ಲಿ ದಪ್ಪ ಗೆಡ್ಡೆಗಳನ್ನು ಆರಿಸಿ, ಜಡೆ ಹೆಣೆದು, ಒಲೆಯ ಮೇಲಿನ ಗಳುವಿಗೆ ನೇತುಹಾಕಿದರೆ ದೀಪಾವಳಿಯವರೆಗೆ ಹೊಗೆಯೇ ಅದನ್ನು ನೋಡಿಕೊಳ್ಳುತ್ತಿತ್ತು. ಹೋದ ವರ್ಷ ಮಗ ಶಿವಶಂಕರ್ ಅಡುಗೆಮನೆಗೆ ಟೈಲ್ಸ್ ಹಾಕಿಸಿದ. ಸೌದೆ ಒಲೆ ಹೋಗಿ ಗ್ಯಾಸು ಬಂತು, ಗಳು ಹೋಗಿ ಕಪಾಟು ಬಂತು. ಬೀಜದ ಜಡೆಯನ್ನು ಎಲ್ಲಿ ಕಟ್ಟುವುದು ಎಂದು ಯಾರೂ ಯೋಚಿಸಲಿಲ್ಲ. ಸರ್ವಮಂಗಳ ಅದನ್ನು ಕಿಟಕಿಯ ಸರಳಿಗೆ ಕಟ್ಟಿದಳು. ಆಷಾಢದ ಜಡಿಮಳೆ ಹಿಡಿದಾಗ ಜಡೆ ತಣ್ಣಗೆ ಮೆತ್ತಗಾಯಿತು, ಸಿಪ್ಪೆಯ ಮೇಲೆ ಕಪ್ಪು ಬೂಷ್ಟು ಕೂತಿತು.

ಆಗ ಅವಳಿಗೆ ಹೊಳೆದದ್ದು ಬ್ಯಾರನ್. ಹೊಗೆಸೊಪ್ಪು ಬೇಯಿಸುವ, ಕಿಟಕಿಯಿಲ್ಲದ ಆ ಎತ್ತರದ ಕೋಣೆ ಅವರ ಹೊಲದಲ್ಲೇ ಇದೆ. ಸೊಪ್ಪು ಏರಿಸಿದ ಮೊದಲ ದಿನ ಅಲ್ಲಿ ಶಾಖ ಹಗುರ, ಎಲೆ ಹಳದಿಯಾಗಲಿ ಎಂದು ಮೆಲ್ಲಗೆ ಕಾಯಿಸುತ್ತಾರೆ. ಆಮೇಲೆ ದಿನದಿಂದ ದಿನಕ್ಕೆ ಏರಿಸುತ್ತಾ ಹೋಗಿ, ಕೊನೆಗೆ ಎಲೆಯ ದಂಟು ಒಣಗಿಸುವ ಹೊತ್ತಿಗೆ ಬಾಗಿಲು ತೆಗೆದರೆ ಮುಖ ಸುಡುತ್ತದೆ. ಮೊದಲ ದಿನ ಬೆಳಗ್ಗೆ ಬಾಗಿಲ ಹಿಂದಿನ ಮೊಳೆಗೆ ಜಡೆ ನೇತುಹಾಕಿ ಸಂಜೆ ತೆಗೆದುಬಿಡೋಣ, ಗಂಡನಿಗೂ ಹೇಳುವುದು ಬೇಡ ಎಂದುಕೊಂಡಳು. ಉಪಾಯ ಕೆಟ್ಟದ್ದೇನಲ್ಲ. ಆದರೆ ಮಧ್ಯಾಹ್ನಕ್ಕೆ ಸರಗೂರಿನಿಂದ ಫೋನು ಬಂತು: ತಂಗಿ ಬಚ್ಚಲಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡಿದ್ದಾಳೆ. ಸರ್ವಮಂಗಳ ಉಟ್ಟ ಸೀರೆಯಲ್ಲೇ ಬಸ್ಸು ಹತ್ತಿದಳು. ಜಡೆಯ ನೆನಪು ಬಂದದ್ದು ಐದನೆಯ ದಿನ, ವಾಪಸು ಬರುವ ಬಸ್ಸಿನಲ್ಲಿ, ಪಕ್ಕದವಳ ಬುಟ್ಟಿಯಲ್ಲಿ ಈರುಳ್ಳಿ ಕಂಡಾಗ.

ಮನೆಗೂ ಹೋಗದೆ ಹೊಲಕ್ಕೆ ಹೋದಳು. ಸೊಪ್ಪು ಇಳಿಸಿಯಾಗಿತ್ತು. ಜಡೆ ಮೊಳೆಯಲ್ಲೇ ಇತ್ತು. ನೋಡಲು ಎಷ್ಟು ಚೆಂದವಾಗಿತ್ತೆಂದರೆ ಸಂತೆಯಲ್ಲಿಟ್ಟರೆ ಮೊದಲು ಅದೇ ಮಾರಾಟವಾಗುತ್ತಿತ್ತು; ಬೂಷ್ಟು ಹೋಗಿ ಸಿಪ್ಪೆ ಗರಿಗರಿ ಎನ್ನುತ್ತಿತ್ತು. ಒಂದು ಎಸಳು ಬಿಡಿಸಿ ಉಗುರಿನಿಂದ ಸೀಳಿದಳು. ಒಳಗೆ ಬೆಳ್ಳಗಿರಲಿಲ್ಲ, ಬೆಲ್ಲದ ಬಣ್ಣಕ್ಕೆ ತಿರುಗಿ ಅಂಟಂಟಾಗಿತ್ತು. ಮೊಳಕೆಯೊಡೆಯಬೇಕಾದ ನಡುವಿನ ಹಸಿರು ಕುಡಿ ಕಂದಿಹೋಗಿತ್ತು. ಇನ್ನೊಂದು ಸೀಳಿದಳು, ಮತ್ತೊಂದು. ಎಲ್ಲ ಬೆಂದಿದ್ದವು.

ಅಂದೇ ಹೋಗಿ, ಹೀಗಾಯಿತು ಕಣ್ರವ್ವ, ತಪ್ಪಾಯಿತು ಎಂದಿದ್ದರೆ ದೊಡ್ಡತಾಯಮ್ಮ ನಾಲ್ಕು ದಿನ ಬಯ್ಯುತ್ತಿದ್ದಳು, ಐದನೆಯ ದಿನ ಅವಳೇ ಎಲ್ಲಿಂದಲಾದರೂ ಬೀಜ ಹೊಂದಿಸುತ್ತಿದ್ದಳು. ಸರ್ವಮಂಗಳ ಹೇಳಲಿಲ್ಲ. ಅತ್ತೆ ಜೀವಮಾನವಿಡೀ ಕಾಯ್ದ ಬೀಜವನ್ನು ಸೊಸೆ ಐದು ದಿನಕ್ಕೆ ಬೇಯಿಸಿಟ್ಟಳು ಎನ್ನುವ ಮಾತು ಅವಳಿಗೆ ಬೇಕಿರಲಿಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ದೀಪಾವಳಿಗೆ ಇನ್ನೂ ಮೂರು ತಿಂಗಳಿದೆ, ಹಾರನಹಳ್ಳಿಯ ನಾದಿನಿಯ ಮನೆಯಿಂದ ನಾಟಿ ಬೀಜ ತಂದು ಯಾರಿಗೂ ತಿಳಿಯದಂತೆ ಬದಲಿಸಿಬಿಡೋಣ ಎಂದುಕೊಂಡಳು. ಗೌರಿ ಹಬ್ಬ ಕಳೆಯಲಿ ಎಂದಳು, ಆಮೇಲೆ ದಸರಾ ಕಳೆಯಲಿ ಎಂದಳು. ನಾಳೆ ನಾಳೆ ಎನ್ನುತ್ತಾ ದೀಪಾವಳಿಯೇ ಬಂದು ನಿಂತಿತು.

ಹಬ್ಬದ ಮೂರನೆಯ ದಿನ ಬೆಳಗ್ಗೆ ಫಹ್ಮೀದಾ ಕಿಂಡಿ ಬಾಗಿಲಲ್ಲಿ ನಿಂತು, ಸೆರಗು ಸೊಂಟಕ್ಕೆ ಸಿಕ್ಕಿಸಿ, "ಅಕ್ಕ, ಬೀಜ ತೆಗಿ. ಮೊದ್ಲು ನಿನ್ನ ಪಾತಿ ಮುಗಿಸ್ಬುಡ್ತೀನಿ," ಎಂದಳು.

ಸರ್ವಮಂಗಳ ಒಳಗೆ ಹೋದಳು. ಆಮೇಲೆ ಅವಳು ಮಾಡಿದ್ದು ತಪ್ಪಲ್ಲ, ಮೋಸ. ಎಸಳುಗಳನ್ನು ತಾನೇ ಬಿಡಿಸಿ, ಬಣ್ಣ ಕಾಣದಿರಲಿ ಎಂದು ಬೂದಿಯಲ್ಲಿ ಹೊರಳಿಸಿ, ಮೊರಕ್ಕೆ ಸುರಿದು ತಂದಳು.

"ಇದೇನಕ್ಕ ಬೂದಿ?"

"ಹುಳ ಹತ್ತದೆ ಇರ್ಲಿ ಅಂತ ಕಣೇ."

ಫಹ್ಮೀದಾ ಒಂದು ಎಸಳನ್ನು ಬೆರಳಲ್ಲಿ ಹಿಡಿದು ನೋಡಿದಳು. "ತೂಕನೇ ಇಲ್ವಲ್ಲಕ್ಕ ಈ ಸಲ."

"ಚೆಂದಾಗಿ ಒಣಗದೆ. ಅದಕ್ಕೆ."

ಒಂದಾದರೂ ಬದುಕಿರಬಹುದು, ಬೀಜದ ಗುಟ್ಟು ಯಾರು ಬಲ್ಲರು ಎಂದು ಸರ್ವಮಂಗಳ ತನಗೆ ತಾನೇ ಹೇಳಿಕೊಂಡಳು. ಫಹ್ಮೀದಾ ಬಿಸ್ಮಿಲ್ಲಾ ಎಂದು, ಚೂಪು ಮೇಲಾಗಿ, ಬೆರಳ ಒಂದು ಗಿಣ್ಣಿನ ಆಳಕ್ಕೆ ಮೊದಲ ಎಸಳು ಊರಿ ಮಣ್ಣು ಒತ್ತಿದಳು. ಮಧ್ಯಾಹ್ನದೊಳಗೆ ಮೂರು ಪಾತಿಯೂ ಮುಗಿದಿತ್ತು.

ಬೆಳ್ಳುಳ್ಳಿ ವಾರದಲ್ಲಿ ತಲೆ ಎತ್ತುತ್ತದೆ, ಸೋಮಾರಿ ಬೆಳ್ಳುಳ್ಳಿಯಾದರೆ ಹತ್ತು ದಿನ. ಹನ್ನೆರಡನೆಯ ದಿನ ದೊಡ್ಡತಾಯಮ್ಮ ತನ್ನ ಪಾತಿಯಲ್ಲಿ ಕುಕ್ಕರಗಾಲಲ್ಲಿ ಕೂತು ಬೆರಳು ಹಾಕಿ ಕೆದಕಿದಳು. ಸಿಕ್ಕಿದ್ದು ಕೊಳೆತ ಲೋಳೆ. ಫಹ್ಮೀದಾಳ ಪಾತಿಯಲ್ಲೂ ಅದೇ, ಸರ್ವಮಂಗಳಳದರಲ್ಲೂ ಅದೇ. ಮಣ್ಣು ಬೇರೆ ಬೇರೆ, ನೀರು ಬೇರೆ ಬೇರೆ. ಮೂರಕ್ಕೂ ಒಂದೇ ಆಗಿದ್ದದ್ದು ಬೀಜ ಮತ್ತು ಕೈ. ಬೀಜದ ಮೇಲೆ ಯಾರಿಗೂ ಅನುಮಾನ ಬರಲಿಲ್ಲ, ಅದು ಅತ್ತೆಯ ಕಾಲದ್ದು.

"ಫಹ್ಮೀದಾ ಕೈ ಯಾಕೋ ತಿರುಗ್ತು ಕಣವ್ವ," ಎಂದಳು ದೊಡ್ಡತಾಯಮ್ಮ, ನೀರು ಬಿಡುವ ಹೊತ್ತಿನಲ್ಲಿ, ನಲ್ಲಿಯ ಮುಂದೆ. ಕೇಡು ಬಯಸಿ ಅಂದದ್ದಲ್ಲ. ಬಿಸಿಲು ಜಾಸ್ತಿ ಕಣವ್ವ ಎಂದ ಹಾಗೆ ಅಂದಳು. ಫಹ್ಮೀದಾ ಬಿಂದಿಗೆ ಹಿಡಿದು ಅಲ್ಲೇ ನಿಂತಿದ್ದಳು. ಸರ್ವಮಂಗಳಳೂ ನಿಂತಿದ್ದಳು. ಬಾಯಿ ಬಿಡಬೇಕಿದ್ದದ್ದು ಆ ಕ್ಷಣದಲ್ಲಿ. ಅವಳು ಬಗ್ಗಿ, ಇನ್ನೂ ತುಂಬದ ತನ್ನ ಕೊಡವನ್ನು ಎತ್ತಿಕೊಂಡು ಒಳಗೆ ಬಂದುಬಿಟ್ಟಳು.

ಮಾತು ಅಲ್ಲಿಗೆ ನಿಂತಿದ್ದರೆ ಒಂದು ವರ್ಷದ ಬೆಳ್ಳುಳ್ಳಿಯ ಜೊತೆಗೆ ಹೋಗುತ್ತಿತ್ತು. ಆದರೆ ಫಹ್ಮೀದಾಳ ಮಗಳು ಹುಮೇರಾ ಆಗ ಎಂಟು ತಿಂಗಳ ಬಸುರಿ, ಕೆ.ಆರ್. ನಗರದಿಂದ ಹೆರಿಗೆಗೆಂದು ತವರಿಗೆ ಬಂದಿದ್ದಳು. ಹೋದ ವರ್ಷ ಅವಳ ಮೊದಲ ಬಸಿರು ಐದು ತಿಂಗಳಿಗೇ ಇಳಿದುಹೋಗಿತ್ತು. ಅದೂ ತವರಿಗೆ ನಾಲ್ಕು ದಿನ ಇರಲು ಬಂದಾಗ, ತಾಯಿ ತಲೆಗೆ ಎಣ್ಣೆ ಒತ್ತಿ ನೀರೆರೆದ ಮರುದಿನ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಡಾಕ್ಟರು ಸಾರಿ ಸಾರಿ ಹೇಳಿದ್ದರು. ಫಹ್ಮೀದಾ ನಂಬಿದ್ದಳು. ಈಗ ಮೂರು ಪಾತಿ ಬೆಳ್ಳುಳ್ಳಿ ಮಣ್ಣಲ್ಲೇ ಕೊಳೆತ ಮೇಲೆ ಆ ನಂಬಿಕೆ ಹಾರಿಹೋಯಿತು.

ಸರ್ವಮಂಗಳಳಿಗೆ ಇದೆಲ್ಲ ತಿಳಿದದ್ದು ಗೋಡೆಯ ಈಚೆಯಿಂದ. ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಅವಳು, ಆಚೆ ಬದಿ ಗಂಡ ಹೆಂಡತಿ. ಅವರು ಮಾತಾಡುತ್ತಿದ್ದದ್ದು ಉರ್ದುವಿನಲ್ಲಿ, ಆದರೆ ಮೂವತ್ತು ವರ್ಷ ಒಂದು ಗೋಡೆ ಹಂಚಿಕೊಂಡವರಿಗೆ ಅದೇನು ಮಹಾ. ನನ್ನ ಕೈಲಿ ಏನೋ ಇದೆ, ಹುಡುಗಿಯನ್ನು ಅತ್ತೆ ಮನೆಗೆ ಕಳಿಸಿಬಿಡಿ, ಅಲ್ಲೇ ಹೆರಲಿ, ಮಗುವನ್ನು ನಾನು ಮುಟ್ಟುವುದಿಲ್ಲ ಎಂದು ಫಹ್ಮೀದಾ ಹೇಳುತ್ತಿದ್ದಳು. ಅಬ್ದುಲ್ ಅಜೀಜ್ ಬಯ್ದ, ಹುಚ್ಚು ಮಾತು ಎಂದ. ಅವನು ಅಂಗಡಿಗೆ ಹೋದ ಮೇಲೆ ಫಹ್ಮೀದಾ ಒಬ್ಬಳೇ ಅಳುವುದು ಕೇಳಿಸಿತು. ಮರುದಿನವೂ ಕೇಳಿಸಿತು. ಆಮೇಲಾಮೇಲೆ ಹತ್ತು ಗಂಟೆಗೆ ಬಟ್ಟೆ ಒಗೆಯುವುದನ್ನು ಸರ್ವಮಂಗಳ ಬಿಟ್ಟೇಬಿಟ್ಟಳು, ಕೇಳಿಸಬಾರದೆಂದು. ಬೀಜದ ಗುಟ್ಟು ಬಾಯಲ್ಲಿಟ್ಟ ಬಿಸಿ ತುಪ್ಪದ ಹಾಗೆ, ನುಂಗುವುದಕ್ಕೂ ಆಗದು, ಉಗುಳುವುದಕ್ಕೂ ಆಗದು.

ಒಂದು ದಿನ ಹಾರನಹಳ್ಳಿಗೇ ಹೋಗಿ ನಾದಿನಿಯ ಮನೆಯಿಂದ ಬೀಜ ತಂದಳು. ಮೊದಲೇ ಹೋಗಿದ್ದರೆ ಏನಾಗುತ್ತಿತ್ತೋ. ಕಿಂಡಿ ಬಾಗಿಲಲ್ಲಿ ನಿಂತು, "ಇನ್ನೊಂದ್ಸಲ ಹಾಕ್ನೋಡಾನ ಬಾರೆ, ಇನ್ನೂ ಹೊತ್ತು ಮೀರಿಲ್ಲ," ಎಂದಳು.

ಫಹ್ಮೀದಾ ಎರಡು ಕೈಯನ್ನೂ ಸೆರಗಿನೊಳಗೆ ಎಳೆದುಕೊಂಡಳು. "ನನ್ ಕೈಲಿ ಬೇಡಕ್ಕ. ನೀನೇ ಹಾಕ್ಕೋ. ನಿಂದಾದ್ರೂ ಬರ್ಲಿ."

ಆ ಬೀಜವನ್ನು ಸರ್ವಮಂಗಳ ಊರಲಿಲ್ಲ. ನೇರ ಎದುರು ಮನೆಗೆ ಹೋಗಿ, ಜಗುಲಿಯ ಮೇಲೆ ಕೂತು, ಉಸಿರು ಬಿಗಿಹಿಡಿದು ಹೇಳಿಬಿಟ್ಟಳು: "ದೊಡ್ಡತಾಯಮ್ಮ, ಫಹ್ಮೀದಾ ಕೈದೇನೂ ತಪ್ಪಿಲ್ಲ. ಬೀಜನೇ ಸತ್ತೋಗಿತ್ತು."

ಮುದುಕಿ ಎಲೆಗೆ ಸುಣ್ಣ ಸವರುತ್ತಾ ನಕ್ಕಳು. "ನಂಗ್ ಗೊತ್ತು ಬುಡು ಮಂಗ್ಳಿ. ಅವಳ್ನ ಉಳ್ಸಕ್ಕೆ ಬಂದಿದೀಯ. ನಿಮ್ಮತ್ತೆ ಕೈಲಿ ಪಳಗಿದೋಳು ನೀನು, ನಿನ್ ಬೀಜ ಸತ್ತದಾ? ಊರ ತಪ್ನೆಲ್ಲ ತಲೆ ಮ್ಯಾಲೆ ಹಾಕ್ಕೊಳಕ್ಕೆ ಹೋಗ್ಬೇಡ. ನಿನ್ ಮನ್ಸು ದೊಡ್ದು ಕಣವ್ವ."

ಇನ್ನೊಂದು ಮಾತು ಸೇರಿಸಿ, ಬ್ಯಾರನ್ ಎಂದಿದ್ದರೆ ಸಾಕಿತ್ತು. ಸರ್ವಮಂಗಳ ಸೇರಿಸಲಿಲ್ಲ. ನಾಚಿಕೆಯ ಮಾತೆಂದರೆ, ಮುದುಕಿ ನಂಬದೇ ಹೋದದ್ದು ಅವಳಿಗೆ ಸಮಾಧಾನವೇ ಆಯಿತು. ಹೇಳಿದ ಹಾಗೂ ಆಯಿತು, ಸಿಕ್ಕಿಬೀಳದ ಹಾಗೂ ಆಯಿತು. ಆ ಸಮಾಧಾನ ಮನೆಯ ಹೊಸಲು ದಾಟುವವರೆಗೆ ಮಾತ್ರ ಉಳಿಯಿತು. ದೊಡ್ಡತಾಯಮ್ಮ ಸುಮ್ಮನಿರುವ ಪೈಕಿಯಲ್ಲ. ಸಂಜೆಗೆಲ್ಲ ಓಣಿಯಲ್ಲಿ ಸರ್ವಮಂಗಳಳ ದೊಡ್ಡ ಮನಸ್ಸಿನ ಕಥೆ ಹಬ್ಬಿತು, ಅದರ ಜೊತೆಗೇ ಫಹ್ಮೀದಾಳ ಕೆಟ್ಟ ಕೈಯ ಕಥೆಯೂ ಇನ್ನೊಂದು ಸುತ್ತು ಹಾಕಿತು.

ಗುರುವಾರ ಬೆಳಗ್ಗೆ ಓಣಿಗೆ ಓಮ್ನಿ ಗಾಡಿ ಬಂದು ನಿಂತಿತು. ಹುಮೇರಾಳ ಗಂಡ ನೂಮಾನ್ ಇಳಿದು, ಮುಖ ಗಂಟಿಕ್ಕಿಕೊಂಡೇ, ಒಂದೊಂದಾಗಿ ಚೀಲ ತಂದು ಗಾಡಿಗೆ ಇಡತೊಡಗಿದ. ಒಳಗಿನಿಂದ ಹುಮೇರಾ, "ಅಮ್ಮಿ, ನಾನ್ ಹೋಗಲ್ಲ," ಎನ್ನುವುದು ಬೀದಿಗೇ ಕೇಳುತ್ತಿತ್ತು. ಬೊಕ್ಕ ಬಾಯಿಯ ದೊಡ್ಡತಾಯಮ್ಮ ಜಗುಲಿಯಲ್ಲಿ ಕೂತು ತಲೆ ಅಲ್ಲಾಡಿಸುತ್ತಾ, "ಹೋಗ್ಲಿ ಬುಡು, ಅದೇ ಒಳ್ಳೇದು," ಎಂದಳು.

ಆ 'ಅದೇ ಒಳ್ಳೇದು' ಸರ್ವಮಂಗಳಳ ಎದೆಗೆ ನಾಟಿತು. ಕೆ.ಆರ್. ನಗರದ ಅತ್ತೆಗೆ ಮಂಡಿ ನೋವು, ಆ ಮನೆಯಲ್ಲಿ ಬಾಣಂತನ ನೋಡುವವರು ಯಾರೂ ಇಲ್ಲ. ಒಂದು ಸಲ ಕಳೆದುಕೊಂಡ ಹುಡುಗಿ, ತುಂಬು ಬಸಿರಿನಲ್ಲಿ, ತಾಯಿಯಿಂದ ದೂರ ಹೋಗುತ್ತಿದ್ದಾಳೆ. ಹೋಗುತ್ತಿರುವುದು ಯಾಕೆ? ಸರ್ವಮಂಗಳಮ್ಮನವರ ಮಾನ ಉಳಿಯಲಿ ಎಂದು. ನಾಳೆ ಏನಾದರೂ ಹೆಚ್ಚುಕಡಿಮೆಯಾದರೆ? ಅಲ್ಲಿಂದ ಮುಂದಕ್ಕೆ ಯೋಚಿಸಲು ಅವಳಿಗೆ ಧೈರ್ಯ ಸಾಲಲಿಲ್ಲ. ಕೊಟ್ಟು ಉಳಿದಿದ್ದ ಎರಡು ಬೆಂದ ಗೆಡ್ಡೆಗಳನ್ನು ಕಪಾಟಿನ ಹಿಂದೆ ಅವಿತಿಟ್ಟಿದ್ದಳು. ಎಸೆಯಲೂ ಧೈರ್ಯವಿರಲಿಲ್ಲ, ನೋಡಲೂ ಇರಲಿಲ್ಲ. ಅವನ್ನು ತೆಗೆದುಕೊಂಡು ಕಿಂಡಿ ಬಾಗಿಲು ದಾಟಿದಳು.

ಫಹ್ಮೀದಾ ಅಡುಗೆಮನೆಯಲ್ಲಿ ಮಗಳಿಗೆ ಕಟ್ಟಿಕೊಡಲು ಮೆಂತ್ಯದ ಉಂಡೆಗಳನ್ನು ಡಬ್ಬಿಗೆ ತುಂಬುತ್ತಿದ್ದಳು. ಕೈಯಿಂದ ಮುಟ್ಟದೆ, ಸೌಟಿನಿಂದ ಎತ್ತಿ ಹಾಕುತ್ತಿದ್ದಳು. ಸರ್ವಮಂಗಳ ಅದನ್ನು ನೋಡಿದಳು.

"ಹುಮೇರಾನ ಕಳಿಸ್ಬೇಡ ಕಣೇ," ಎಂದಳು.

"ನೀನೂ ಶುರು ಮಾಡ್ಬೇಡಕ್ಕ."

ಸರ್ವಮಂಗಳ ಕಟ್ಟೆಯ ಮೇಲೆ ಗೆಡ್ಡೆಗಳನ್ನಿಟ್ಟಳು. ಒಂದನ್ನು ಒಡೆದು, ಎಸಳಿನ ಸಿಪ್ಪೆ ಬಿಡಿಸಿ, ಸೀಳಿ ಫಹ್ಮೀದಾಳ ಮುಖದ ಹತ್ತಿರ ಹಿಡಿದಳು. "ನೋಡಿಲ್ಲಿ. ನಾನು ಕೊಟ್ಟ ಬೀಜ ಇದೇಯ. ಆಷಾಢದಲ್ಲಿ ಬೂಷ್ಟು ಹಿಡೀತು ಅಂತ ಬ್ಯಾರನ್ನಲ್ಲಿ ನೇತಾಕಿದ್ದೆ. ತಂಗಿ ಬಿದ್ದು ಸರಗೂರಿಗೆ ಹೋದ್ನಲ್ಲ, ಮರ್ತ್ಬುಟ್ಟೆ. ಐದು ದಿನ ಬೆಂದದೆ ಇದು. ನಿನ್ ಕೈಯಲ್ಲ ಕಣೇ, ದೇವ್ರು ಕೈ ಇಟ್ಟಿದ್ರೂ ಇದು ಹುಟ್ತಿರ್ಲಿಲ್ಲ."

ಫಹ್ಮೀದಾ ಸೌಟು ಕೆಳಗಿಟ್ಟಳು. ಎಸಳನ್ನು ತೆಗೆದುಕೊಂಡು ಮೂಸಿದಳು, ಬೆರಳುಗಳ ನಡುವೆ ಹೊಸಕಿದಳು. ಸಾವಿರ ಸಲ ಬೆಳ್ಳುಳ್ಳಿ ಹುರಿದವಳಿಗೆ ಬೆಂದದ್ದು ಯಾವುದು, ಹಸಿ ಯಾವುದು ಎಂದು ಬೇರೆ ಹೇಳಬೇಕೇ. ಇನ್ನೊಂದು ಎಸಳನ್ನು ತಾನೇ ಬಿಡಿಸಿ ಸೀಳಿದಳು. ಅವಳ ಮುಖ ಸಡಿಲವಾಗತೊಡಗಿತು.

"ಇದು ಸತ್ತಿತ್ತಾ," ಎಂದಳು. "ಮೊದ್ಲೇ ಸತ್ತಿತ್ತಾ ಅಕ್ಕ?"

"ಮೊದ್ಲೇ."

ಫಹ್ಮೀದಾ ತನ್ನ ಎರಡು ಅಂಗೈಗಳನ್ನೂ ತಿರುಗಿಸಿ ತಿರುಗಿಸಿ ನೋಡಿಕೊಂಡಳು. ಆಮೇಲೆ ನಕ್ಕಳು, ನಗುತ್ತಲೇ ಅತ್ತಳು. "ನಿಂಗೂ ಗೊತ್ತಾಗ್ಲಿಲ್ವಲ್ಲ ಪಾಪ. ಈಗ ಒಡೆದು ನೋಡಿದ್ಮೇಲೆ ಗೊತ್ತಾಯ್ತಾ?"

ತಪ್ಪಿಸಿಕೊಳ್ಳುವ ಬಾಗಿಲನ್ನು ಅವಳೇ ತೆರೆದುಕೊಟ್ಟಿದ್ದಳು. ಸರ್ವಮಂಗಳ ಆ ಬಾಗಿಲಿನೊಳಗೆ ನುಗ್ಗಿಯೂಬಿಟ್ಟಳು. ಹೂಂ ಎಂದು ತಲೆ ಆಡಿಸಿದಳು. ಹುಡುಗಿ ಇಲ್ಲೇ ಉಳಿಯುತ್ತಾಳೆ, ಕೈಯ ಮೇಲಿನ ಅಪವಾದ ಕಳೆಯಿತು, ಇನ್ನೇನು ಬೇಕು ಎಂದು ಅವಳ ಮನಸ್ಸು ಆಗಲೇ ಲೆಕ್ಕ ಮುಗಿಸುತ್ತಿತ್ತು.

ಫಹ್ಮೀದಾ ಹತ್ತಿರ ಬಂದು ಅವಳ ಎರಡು ಕೈಯನ್ನೂ ಹಿಡಿದುಕೊಂಡಳು. "ಅಕ್ಕ, ನಾನೂ ಒಂದು ಹೇಳ್ಬೇಕು. ಮನ್ಸಲ್ಲಿ ಇಟ್ಕೊಳಕ್ಕೆ ಆಗ್ತಿಲ್ಲ. ಒಂದಿನ ನಿನ್ ಮೇಲೂ ಅನುಮಾನ ಬಂತು ನಂಗೆ. ಬೂದಿ ಯಾಕೆ ಹಾಕಿದ್ಲು, ನನ್ ಮಗ್ಳಿಗೆ ಏನಾದ್ರೂ ಮಾಡ್ಸಿದ್ಲಾ ಅಂತ ಅಂದ್ಕೊಂಡ್ಬುಟ್ಟೆ. ನಿನ್ನಂಥೋಳ ಮೇಲೆ! ಮಾಫ್ ಮಾಡಕ್ಕ. ನಿನ್ ಕಾಲಿಗೆ ಬೀಳ್ತೀನಿ." ಹೇಳುತ್ತಾ ಬಗ್ಗಿದಳು, ನಿಜವಾಗಿಯೂ ಬಗ್ಗಿದಳು.

ಇಷ್ಟು ದಿನ ಎಲ್ಲವನ್ನೂ ತಡೆದುಕೊಂಡ ಸರ್ವಮಂಗಳಳಿಗೆ ಇದನ್ನು ತಡೆಯಲಾಗಲಿಲ್ಲ. ಅವಳ ಭುಜ ಹಿಡಿದು ಮೇಲಕ್ಕೆತ್ತಿದಳು.

"ನಂಗೆ ಗೊತ್ತಿತ್ತು," ಎಂದಳು.

"ಏನು?"

"ಬೆಂದೋಗದೆ ಅಂತ. ಮಾಟ ಮಾಡ್ಸಿರ್ಲಿಲ್ಲ, ಮಂತ್ರ ಮಾಡ್ಸಿರ್ಲಿಲ್ಲ. ಆದ್ರೆ ಗೊತ್ತಿತ್ತು. ಬಣ್ಣ ಕಾಣ್ದೆ ಇರ್ಲಿ ಅಂತಲೇ ಬೂದಿ ಹಾಕಿದ್ದು."

ಫಹ್ಮೀದಾ ಕೈ ಬಿಟ್ಟಳು. ಹೊರಗೆ ನೂಮಾನ್ ಗಾಡಿಯ ಬಾಗಿಲು ಎಳೆದು ಹಾಕುವ ಸದ್ದಾಯಿತು.

"ಯಾವಾಗಿಂದ?"

"ಶ್ರಾವಣದಿಂದ."

"ನಲ್ಲಿ ಹತ್ರ ದೊಡ್ಡತಾಯಮ್ಮ ಅಂಗಂದಾಗ?"

"ಗೊತ್ತಿತ್ತು."

"ನಾನು ಹಿತ್ಲಲ್ಲಿ ಅಳ್ತಿದ್ನಲ್ಲ, ಅದು?"

ಸರ್ವಮಂಗಳ ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ಕೇಳಿಸ್ತಿತ್ತು ಕಣೇ."

ಫಹ್ಮೀದಾ ಬಾಗಿಲ ಹತ್ತಿರ ಹೋಗಿ ಅಳಿಯನನ್ನು ಕೂಗಿ, ಗಾಡಿ ವಾಪಸು ಕಳಿಸು, ಹುಮೇರಾ ಇಲ್ಲೇ ಇರುತ್ತಾಳೆ ಎಂದಳು. ತಿರುಗಿ ಬಂದು ಮೆಂತ್ಯದ ಉಂಡೆಗಳನ್ನು ಕೈಯಿಂದಲೇ ಎತ್ತಿ ತಟ್ಟೆಗೆ ಹಾಕತೊಡಗಿದಳು. ಸರ್ವಮಂಗಳ ನಿಂತೇ ಇದ್ದಳು. ಬಯ್ಯಲಿ, ಹೊಡೆದರೂ ಹೊಡೆಯಲಿ ಎಂದು ಕಾದಳು.

"ಈಗ್ಲೇ ಹೋಗಿ ದೊಡ್ಡತಾಯಮ್ಮನ ಮುಂದೆ ಎಲ್ಲ ಹೇಳ್ತೀನಿ," ಎಂದಳು ಕೊನೆಗೆ ಸರ್ವಮಂಗಳ. "ನಲ್ಲಿ ಹತ್ರನೇ ನಿಂತ್ಕೊಂಡು, ಎಲ್ಲರ್ ಮುಂದೆ ಹೇಳ್ತೀನಿ. ಗೊತ್ತಿದ್ದೂ ಕೊಟ್ಟೆ ಅಂತ."

"ಬೇಡ," ಎಂದಳು ಫಹ್ಮೀದಾ. "ಬೀಜ ಬೆಂದೋಗಿತ್ತು ಅಂತ ನಾನು ಹೇಳ್ತೀನಿ. ಈ ಗೆಡ್ಡೆ ತೋರ್ಸಿ ಹೇಳ್ತೀನಿ, ನಂಬ್ತಾರೆ. ನಿಂಗೆ ಗೊತ್ತಿತ್ತು ಅನ್ನೋದ್ನ ಮಾತ್ರ ಯಾರ್ ಹತ್ರನೂ ಬಾಯಿ ಬಿಡ್ಬೇಡ."

ಸರ್ವಮಂಗಳಳ ಕಣ್ಣು ತುಂಬಿತು. "ನಿನ್ ಗುಣ ದೊಡ್ದು ಕಣೇ, ನನ್ ಮಾನ..."

"ಮಾನಕ್ಕಲ್ಲಕ್ಕ." ಫಹ್ಮೀದಾ ಮೊದಲ ಸಲ ತಲೆಯೆತ್ತಿ ನೋಡಿದಳು. "ನೀನು ಎಲ್ಲರ್ ಮುಂದೆ ಹೇಳ್ಬುಟ್ರೆ, ಅವ್ರು ನಾಕ್ ದಿನ ಬಯ್ದು ಸುಮ್ಮನಾಗ್ತಾರೆ. ನಿಂಗೂ ಹಗುರ ಆಗ್ಬುಡುತ್ತೆ. ನಂಗೆ ಒಂದು ತಿಂಗ್ಳು ಯಾರೂ ಹಗುರ ಮಾಡ್ಲಿಲ್ಲ. ನೀನೂ ಒಂದಿಷ್ಟು ದಿನ ಇಟ್ಕೋ."

ಅಷ್ಟರಲ್ಲಿ ಹುಮೇರಾ ಹೊಟ್ಟೆ ಹಿಡಿದುಕೊಂಡು, ಅರ್ಧ ಹಾಕಿದ ಬುರ್ಖಾ ಕಳಚುತ್ತಲೇ, ಒಳಗೆ ಬಂದಳು. ಅತ್ತು ಕೆಂಪಾದ ಮುಖದಲ್ಲಿ ನಗು ತುಂಬಿತ್ತು. "ದೊಡ್ಡಮ್ಮ! ಏನ್ ಹೇಳಿದ್ರಿ ಅಮ್ಮಿಗೆ? ನಾನು ಹದಿನೈದು ದಿನದಿಂದ ಗೋಗರೆದ್ರೂ ಒಪ್ಪಿರ್ಲಿಲ್ಲ. ನೀವೇ ಒಪ್ಸಿದ್ದು, ಅಲ್ವಾ?" ಎಂದು ಸರ್ವಮಂಗಳಳನ್ನು ಎರಡು ತೋಳಿನಿಂದ ಬಾಚಿ ತಬ್ಬಿಕೊಂಡಳು. ತುಂಬಿದ ಹೊಟ್ಟೆ ಅವಳ ಮೈಗೆ ಒತ್ತಿತು.

ಸರ್ವಮಂಗಳ ಹುಡುಗಿಯ ಹೆಗಲ ಮೇಲಿನಿಂದ ಫಹ್ಮೀದಾಳನ್ನು ನೋಡಿದಳು.

"ಹೂಂ, ಅವರೇ ಒಪ್ಸಿದ್ದು," ಎಂದಳು ಫಹ್ಮೀದಾ, ಮಗಳಿಗೆ. "ತಲೆ ಬಗ್ಸು. ಒಳ್ಳೇ ಮಾತು ಹೇಳಿಸ್ಕೋ ಅವರ ಕೈಲಿ."

ಹುಮೇರಾ ತಲೆ ಬಗ್ಗಿಸಿದಳು. ಸರ್ವಮಂಗಳ ಅವಳ ನೆತ್ತಿಯ ಮೇಲೆ ಕೈಯಿಟ್ಟಳು.

"ಸುಖವಾಗಿ ಹೆರು ಕಣವ್ವ," ಎಂದಳು.